ಹೆಣ್ಣು, ಮನೆ ಮತ್ತು ಒಂದು ಅಕ್ಷರ
(ಹೊಳಲಿನಲ್ಲಿ ಸಂಘದ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ಉಳಿತಾಯ, ಸಾಲದ ಲೆಕ್ಕ ಮುಗಿಯಿತು. ಈಗ ಒಂದು ಅಕ್ಷರದ ವಿಷಯ ಹೇಳುತ್ತೇನೆ. ಹೊಳಲಿಗೂ ಚೀನಾಕ್ಕೂ ಏನು ಸಂಬಂಧ ಎಂದು ನಗಬೇಡಿ.

ನಮ್ಮ ಅಕ್ಷರ ಸದ್ದನ್ನಷ್ಟೇ ಹೇಳುತ್ತದೆ. ಚೀನೀ ಬರಹದಲ್ಲಿ ಅಕ್ಷರಕ್ಕೇ ಅರ್ಥವಿದೆ. ಅಂಥ ಒಂದು ಅಕ್ಷರದಲ್ಲಿ ಎಡಕ್ಕೆ ‘ಹೆಣ್ಣು’, ಬಲಕ್ಕೆ ‘ಮನೆ’. ಎರಡೂ ಸೇರಿದರೆ ‘ಹೆಣ್ಣು ಮದುವೆಯಾಗಿ ಹೋಗುವುದು’. ಚೀನಾದಲ್ಲಿ ಇದನ್ನು ‘ಜ್ಯಾ’ ಎನ್ನುತ್ತಾರೆ. ಗಂಡಿನ ಮದುವೆಗೆ ಬೇರೆ ಅಕ್ಷರ. ಅದರಲ್ಲಿ ಮೇಲೆ ‘ತೆಗೆದುಕೊಳ್ಳು’, ಕೆಳಗೆ ‘ಹೆಣ್ಣು’. ನಾವೂ ‘ಹೆಣ್ಣು ಕೊಟ್ಟೆವು, ಹೆಣ್ಣು ತಂದೆವು’ ಎನ್ನುವುದಿಲ್ಲವೆ?

ಹೆಣ್ಣು-ಮನೆಯ ಆ ಅಕ್ಷರವನ್ನು ಜಪಾನಿನಲ್ಲಿ ‘ಯೋಮೆ’ ಎಂದು ಓದುತ್ತಾರೆ. ಅರ್ಥ ಮದುಮಗಳು, ಸೊಸೆ. ಕೊರಿಯಾದಲ್ಲಿ ಈಗ ಬೇರೆ ಲಿಪಿ ನಡೆಯುತ್ತದೆ. ಆದರೂ ಈ ಅಕ್ಷರದಿಂದ ಹುಟ್ಟಿದ ಒಂದು ನಾಣ್ಣುಡಿ ಅಲ್ಲಿ ಉಳಿದಿದೆ: ಮದುವೆಯಾಗಿ ಹೋದ ಮಗಳು ಹೊರಗಿನವಳು. ಇದನ್ನು ನಾವು ಎಲ್ಲೋ ಕೇಳಿದ್ದೇವಲ್ಲ! ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು.’

ಈ ಗಾದೆ ಬರೀ ಮಾತಲ್ಲ. ವರದಕ್ಷಿಣೆಗಾಗಿ ಹೊಡೆತ ತಿಂದವಳು ತವರಿಗೆ ಬಂದರೆ ‘ಅದೇ ನಿನ್ನ ಮನೆ, ಹೊಂದಿಕೊಂಡು ಹೋಗು’ ಎನ್ನುತ್ತಾರೆ. ಅಲ್ಲಿ ಬಾಯಿ ತೆರೆದರೆ ‘ನಿನ್ನ ಅಪ್ಪನ ಮನೆಗೆ ನಡಿ’ ಎನ್ನುತ್ತಾರೆ. ‘ಮನೆಯಾಕಿ’ ಎಂದು ಕರೆಸಿಕೊಳ್ಳುವವಳಿಗೆ ಮನೆ ಎಲ್ಲಿದೆ?

ಕೊರಿಯಾದ ಹೆಣ್ಣುಮಕ್ಕಳು ಸುಮ್ಮನೆ ಕೂರಲಿಲ್ಲ. ವಂಶದ ಜಮೀನು ಮಾರಿದ ಹಣದಲ್ಲಿ ಸಮಪಾಲು ಬೇಕೆಂದು ಮದುವೆಯಾದ ಮಹಿಳೆಯರು ಕೋರ್ಟಿಗೆ ಹೋದರು. 2005ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಸುಪ್ರೀಂ ಕೋರ್ಟು, ಹೆಣ್ಣುಮಕ್ಕಳೂ ವಂಶದ ಸದಸ್ಯರೇ ಎಂದು ಹೇಳಿತು.

ಅದೇ 2005ರ ಸೆಪ್ಟೆಂಬರ್ 9ರಂದು ನಮ್ಮಲ್ಲಿ ಹಿಂದೂ ವಾರಸಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಅದೂ ಹುಟ್ಟಿನಿಂದಲೇ. ಕರ್ನಾಟಕ 1994ರಲ್ಲೇ ಇಂಥ ಕಾನೂನು ತಂದಿತ್ತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ನೋಡಿ, ಕಾನೂನಿನೊಳಗೂ ಆ ಗಾದೆ ಕೂತಿತ್ತು! 2005ರ ತಿದ್ದುಪಡಿ ಆ ಭೇದ ತೆಗೆಯಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಪಾಲಾಗಿದ್ದರೆ ಅದನ್ನು ಮತ್ತೆ ತೆರೆಯುವಂತಿಲ್ಲ.

‘ನಿನ್ನ ಪಾಲು ವರದಕ್ಷಿಣೆಯಲ್ಲೇ ಹೋಯಿತು’ ಎನ್ನುವ ಅಣ್ಣತಮ್ಮಂದಿರಿದ್ದಾರೆ. ವರದಕ್ಷಿಣೆ ಹೋದದ್ದು ಗಂಡನ ಮನೆಯವರ ಕೈಗೆ. ಅದು ನಮ್ಮ ಪಾಲು ಹೇಗಾದೀತು? ಹಡಗಲಿಯ ನೋಂದಣಿ ಕಚೇರಿಗೆ ಕರೆದೊಯ್ದು, ಒಂದು ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ಪತ್ರವನ್ನು ಓದಿಸಿ ಕೇಳಿ. ಓದು ಬಲ್ಲ ಒಬ್ಬಳು ಸಂಘದಿಂದ ಜೊತೆಗೆ ಹೋಗಲಿ.

ಗಂಡನ ಮನೆಯ ಮಾತೂ ಅಷ್ಟೇ. ಮನೆ ಯಾರ ಹೆಸರಿಗಿದ್ದರೂ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಕೊಟ್ಟಿದೆ. ಈ ಕಾಯ್ದೆ ಎಲ್ಲ ಧರ್ಮದ ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ. ಕಷ್ಟವಿದ್ದರೆ 181ಕ್ಕೆ ಫೋನು ಮಾಡಿ, ಸಂಘದಲ್ಲಿ ಹೇಳಿ.

ಹೆಣ್ಣನ್ನು ಮನೆಯ ಪಕ್ಕದಲ್ಲಿಟ್ಟು ಬರೆದ ಆ ಅಕ್ಷರವನ್ನು ನಾವು ತಿದ್ದಲಾರೆವು. ಆದರೆ ನಮ್ಮ ಗಾದೆಯನ್ನು ಬಿಡಬಹುದು. ಮಗಳು ಬಾಗಿಲಿಗೆ ಬಂದು ನಿಂತ ದಿನ ‘ಇದು ನಿನ್ನ ಮನೆ, ಒಳಗೆ ಬಾ’ ಎನ್ನೋಣ.