ಡೀಸೆಲ್ ಕಾರಿನ ಎಚ್ಚರಿಕೆ ದೀಪ

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದಿತು. ಅನಂತರ ಅನೇಕ ಡೀಸೆಲ್ ಕಾರುಗಳಲ್ಲಿ ಎರಡನೆಯ ಟ್ಯಾಂಕೊಂದನ್ನು ನೀವು ಕಾಣುತ್ತೀರಿ. ಅದರಲ್ಲಿರುವುದು ಡೆಫ್ ಎಂಬ ದ್ರವ: ಶೇಕಡಾ 32.5 ಯೂರಿಯಾ, ಉಳಿದದ್ದು ಲವಣಾಂಶ ತೆಗೆದ ನೀರು. ಬಿಸಿ ಹೊಗೆಯಲ್ಲಿ ಯೂರಿಯಾ ಅಮೋನಿಯಾ ಆಗುತ್ತದೆ. ವೇಗವರ್ಧಕದ ಮೇಲೆ ಈ ಅಮೋನಿಯಾ ಶ್ವಾಸಕೋಶಕ್ಕೆ ಹಾನಿಮಾಡುವ ನೈಟ್ರೋಜನ್ ಆಕ್ಸೈಡುಗಳನ್ನು ನೈಟ್ರೋಜನ್ ಮತ್ತು ನೀರಾಗಿ ಮಾರ್ಪಡಿಸುತ್ತದೆ.

ದ್ರವ ಕಡಿಮೆಯಾದರೆ ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ. ತುಂಬಿದ ಮೇಲೂ ಅದು ಆರದಿದ್ದರೆ? ಕ್ರಮವಾಗಿ ಯೋಚಿಸಿ. ಹಾಕಿದ ಪ್ರಮಾಣ ಸಾಕಾಗಿದೆಯೇ? ಕೈಪಿಡಿ ನೋಡಿ, ಸ್ವಲ್ಪ ದೂರ ಓಡಿಸಿ. ಕೆಲವು ಕಾರುಗಳು ಹೊಸ ಮಟ್ಟವನ್ನು ತಡವಾಗಿ ಗುರುತಿಸುತ್ತವೆ. ಆಗಲೂ ಉರಿಯುತ್ತಿದ್ದರೆ ಸ್ಕ್ಯಾನರ್ ಜೋಡಿಸಿ ದೋಷಸಂಕೇತವನ್ನು ಓದಿಸಬೇಕು. ಸಂಕೇತ ತೋರಿಸುವುದು ದೋಷವಿರುವ ಭಾಗವನ್ನು, ಕಾರಣವನ್ನಲ್ಲ. ಮಟ್ಟ ಅಳೆಯುವ ಸಂವೇದಕ ಕೆಟ್ಟಿರಬಹುದು, ತಂತಿಯ ಜೋಡಣೆ ಸಡಿಲಾಗಿರಬಹುದು, ಯೂರಿಯಾ ಬಿಳಿಯ ಹರಳುಗಟ್ಟಿರಬಹುದು. ಆದ್ದರಿಂದ ದುಬಾರಿ ಸಂವೇದಕವನ್ನು ಬದಲಿಸುವ ಮೊದಲು ತಂತಿಯನ್ನು ಪರೀಕ್ಷಿಸುವುದು ಜಾಣತನ.

ನಲ್ಲಿ ನೀರನ್ನು ಮಾತ್ರ ಬೆರೆಸಬೇಡಿ. ಅದರ ಲವಣಗಳು ವೇಗವರ್ಧಕವನ್ನು ಕೆಡಿಸುತ್ತವೆ. ದ್ರವ ಪೂರ್ತಿ ಮುಗಿದರೆ ಅನೇಕ ಕಾರುಗಳು ಒಮ್ಮೆ ನಿಂತ ಮೇಲೆ ಮತ್ತೆ ಚಾಲೂ ಆಗುವುದಿಲ್ಲ. ಇಡೀ ವ್ಯವಸ್ಥೆಯನ್ನೇ ವಂಚಿಸಿ ದೀಪ ಆರಿಸುವವರೂ ಇದ್ದಾರೆ. ಆಗ ದೀಪ ಆರುತ್ತದೆ, ಆದರೆ ಹೊಗೆ ನಮ್ಮ ನಿಮ್ಮ ಉಸಿರಿಗೇ ಸೇರುತ್ತದೆ.