ಈರುಳ್ಳಿ ಹೊಲದ ಜೇಕು

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಈರುಳ್ಳಿಗೆ ಪ್ರತಿ ಬೆಳೆಯಲ್ಲೂ ಪೆಂಡಿಮೆಥಾಲಿನ್ ಒಂದನ್ನೇ ಸಿಂಪಡಿಸುತ್ತಾ ಬಂದರೆ ಕಳೆ ತೀರುವುದಿಲ್ಲ, ಕಳೆಯ ಜಾತಿ ಬದಲಾಗುತ್ತದೆ. ಈ ಔಷಧಿ ಬೀಜದಿಂದ ಮೊಳೆಯುವ ಹುಲ್ಲು, ಗೋಣಿಸೊಪ್ಪುಗಳನ್ನು ಕೊಲ್ಲುತ್ತದೆ. ನೀವು ಕಳೆ ಕಿತ್ತು ಹಸುವಿಗೆ ಹಾಕುತ್ತಿದ್ದ ಹುಲ್ಲೂ ಅದರೊಂದಿಗೆ ಹೋಯಿತು! ಗೆಡ್ಡೆಯಿಂದ ಚಿಗುರುವ ಜೇಕು, ಅಂದರೆ ಕೊನ್ನಾರಿ, ಮಾತ್ರ ಸಾಯದೆ ಪೈಪೋಟಿಯಿಲ್ಲದೆ ಹೊಲವನ್ನೆಲ್ಲ ಆವರಿಸುತ್ತದೆ.

ಜೇಕಿಗೆ ನೆರಳು ಆಗದು. ಈರುಳ್ಳಿಯ ಎಲೆ ನೆರಳು ಕೊಡುವುದಿಲ್ಲ, ಒತ್ತಾಗಿ ಬಿತ್ತಿದ ಮೇವಿನ ಮುಸುಕಿನ ಜೋಳ ಕೊಡುತ್ತದೆ. ಬೇಸಿಗೆಯಲ್ಲಿ ಉತ್ತು ಗೆಡ್ಡೆಗಳನ್ನು ಬಿಸಿಲಿಗೆ ಒಣಗಿಸಿ. ಮಳೆ ಬಿದ್ದ ಮೇಲೆ ಈರುಳ್ಳಿಗೆ ಬದಲು ಒಂದು ಬೆಳೆ ಮೇವು ಹಾಕಿ. ಕೊಟ್ಟಿಗೆಗೂ ಆಯಿತು. ಕಳೆನಾಶಕ ಬಿದ್ದ ಬದುವಿನ ಹುಲ್ಲನ್ನು ಮಾತ್ರ, ಹಸಿರಾಗಿ ಕಂಡರೂ, ದನಕ್ಕೆ ಹಾಕಬೇಡಿ.