ಮನ್ಯಾಗ ಕುಂತು ಮಾಡಿದ ಡಿಗ್ರಿ

ನಾನು ಗದಗಿನವನು. 2012ರಲ್ಲಿ ಪುಣೆಗೆ ಬಂದೆ, ಹಿಂಜವಡಿಯಲ್ಲಿ ಕೆಲಸ. ಆನ್‌ಲೈನ್ ಡಿಗ್ರಿ ಮಾಡಬೇಕಾ ಬೇಡವಾ ಅಂತ ಆಫೀಸಲ್ಲಿ ತುಂಬ ಜನ ಕೇಳ್ತಾರೆ. ಅದಕ್ಕೆ ಇವತ್ತು ನನ್ನ ಕಥೆಯನ್ನೇ ಹೇಳಿಬಿಡ್ತೀನಿ.

ನನ್ನ ಹತ್ತಿರ ಇದ್ದದ್ದು ಪಾಲಿಟೆಕ್ನಿಕ್ ಡಿಪ್ಲೊಮಾ. ನೈಟ್ ಶಿಫ್ಟ್ ಸಪೋರ್ಟ್‌ನಿಂದ ಶುರು ಮಾಡಿ ಸರ್ವರ್ ಟೀಮ್‌ವರೆಗೂ ಬಂದೆ. ನನಗೆ ಕೆಲಸ ಬರುತ್ತೆ ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆದರೂ 2019ರಲ್ಲಿ ನಾನೇ ಕೆಲಸ ಕಲಿಸಿದ ಹುಡುಗ ಆನ್‌ಸೈಟ್ ಹೋದ, ನನ್ನ ಹೆಸರು ಎಚ್‌ಆರ್ ಫಾರ್ಮ್ ದಾಟಲಿಲ್ಲ. ಡಿಗ್ರಿ ಯಾವುದು ಅಂತ ಕೇಳೋ ಜಾಗದಲ್ಲಿ ಡಿಪ್ಲೊಮಾ ಅನ್ನೋ ಆಯ್ಕೆಯೇ ಇರಲಿಲ್ಲ.

ಆ ಸಿಟ್ಟಲ್ಲಿ ಒಂದು ತಪ್ಪು ಮಾಡಿದೆ. ಒಂದು ಕಂಪನಿಯವರು ದಿನಕ್ಕೆ ಮೂರು ಸಲ ಫೋನ್ ಮಾಡಿ, ‘ಸರ್, ಇವತ್ತೇ ಕೊನೆ ದಿನ’ ಅಂತ ಬೆನ್ನು ಬಿದ್ದರು. 1.8 ಲಕ್ಷ, ಇಎಂಐ ಮೇಲೆ. ಪಾಠ ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ. ಆದರೆ ಕೊನೆಗೆ ಬಂದದ್ದು ಸರ್ಟಿಫಿಕೇಟ್, ಡಿಗ್ರಿ ಅಲ್ಲ. ಕಾಗದದಲ್ಲಿ ಅದನ್ನ ಬರೆದೂ ಇದ್ದರು, ನಾನು ಓದಿರಲಿಲ್ಲ ಅಷ್ಟೆ. ಎರಡು ವರ್ಷ ಕಂತು ಕಟ್ಟಿದೆ.

ಆಮೇಲೆ ಬುದ್ಧಿ ಬಂತು, ನಿಯಮ ಓದೋಕೆ ಕೂತೆ. ಯುಜಿಸಿಯಿಂದ ಆನ್‌ಲೈನ್ ಕೋರ್ಸಿಗೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಡಿಗ್ರಿ, ಕಾಲೇಜಿಗೆ ಹೋಗಿ ಪಡೆದ ಅದೇ ಡಿಗ್ರಿಗೆ ಸಮಾನ. 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ಇದನ್ನ ಮತ್ತೆ ಸ್ಪಷ್ಟಪಡಿಸಿತು. ಆದರೆ ಆ ಮಾನ್ಯತೆ ನೀವು ಸೇರೋ ವರ್ಷಕ್ಕೆ, ನೀವು ಸೇರೋ ಕೋರ್ಸಿಗೇ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟಲ್ಲಿ ನೋಡಲೇಬೇಕು. ಮೈಸೂರಿನ ಮುಕ್ತ ವಿವಿಯ ಕಥೆ ನಮ್ಮವರಿಗೆ ಗೊತ್ತೇ ಇದೆಯಲ್ಲ. 2012-13ರ ನಂತರ ಮಾನ್ಯತೆ ಇಲ್ಲ ಅಂತ ಯುಜಿಸಿ ಹೇಳಿದ್ದು 2015ರಲ್ಲಿ! ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ಮಧ್ಯೆ ಓದಿದವರ ಪಾಡು ಯಾರಿಗೂ ಬೇಡ. ಇನ್ನೊಂದು ಮಾತು, ‘ಆನ್‌ಲೈನ್ ಬಿಟೆಕ್’ ಮಾಡಿಸ್ತೀವಿ ಅಂತ ಯಾರಾದರೂ ಫೋನ್ ಮಾಡಿದರೆ ಕಟ್ ಮಾಡಿ. ಎಂಜಿನಿಯರಿಂಗ್ ಡಿಗ್ರಿಯನ್ನ ಹಾಗೆ ಕೊಡೋದಕ್ಕೆ ಯುಜಿಸಿ ನಿಯಮದಲ್ಲಿ ಅವಕಾಶವಿಲ್ಲ.

2021ರಲ್ಲಿ ಆನ್‌ಲೈನ್ ಬಿಸಿಎ ಸೇರಿದೆ. ಊರಿಗೆ ಫೋನ್ ಮಾಡಿ ಹೇಳಿದರೆ ಅಪ್ಪ, ‘ಮನ್ಯಾಗ ಕುಂತು ಓದಿದ್ರ ಡಿಗ್ರಿ ಕೊಡ್ತಾರೇನಪಾ?’ ಅಂದರು. ಕೊಡ್ತಾರೆ, ಆದರೆ ಮನೆಯಲ್ಲಿ ಓದೋದು ಅಷ್ಟು ಸಲೀಸಲ್ಲ. ಬೆಳಗ್ಗೆ ಐದರಿಂದ ಏಳು, ಮಗಳು ಏಳೋ ಮೊದಲು. ಭಾನುವಾರ ಪೂರ್ತಿ ಅಸೈನ್‌ಮೆಂಟ್. ಆ ಮೂರು ವರ್ಷದಲ್ಲಿ ಎಷ್ಟು ಮದುವೆ, ಜಾತ್ರೆ ತಪ್ಪಿಸಿದೆನೋ ಲೆಕ್ಕ ಇಲ್ಲ. ಒಂದು ಪರೀಕ್ಷೆಯಲ್ಲಿ ಕ್ಯಾಮೆರಾ ಆನ್ ಇದೆ, ಅತ್ತೆ ಬಾಗಿಲು ತೆಗೆದು, ‘ಚಾ ತರ್ಲೇನ್ರಿ?’ ಅಂದರು. ಸ್ಕ್ರೀನ್ ಮೇಲೆ ತಕ್ಷಣ ಕೆಂಪು ಎಚ್ಚರಿಕೆ. ಪಾಪ, ಅವರು ಸಂಜೆವರೆಗೂ ಅಳುಮುಖ ಮಾಡಿಕೊಂಡೇ ಇದ್ದರು.

ನನ್ನ ಟೀಮಿನ ಒಬ್ಬ ಹುಡುಗಿ ಐಐಟಿ ಮದ್ರಾಸಿನ ಡೇಟಾ ಸೈನ್ಸ್ ಬಿಎಸ್ ಮಾಡ್ತಿದ್ದಾಳೆ. ಅಲ್ಲಿ ಪಾಠ ಮಾತ್ರ ಆನ್‌ಲೈನ್, ಪರೀಕ್ಷೆಗೆ ಕೇಂದ್ರಕ್ಕೇ ಹೋಗಬೇಕು. ಮಧ್ಯದಲ್ಲಿ ನಿಲ್ಲಿಸಿದರೂ ಮುಗಿಸಿದ ಹಂತಕ್ಕೆ ತಕ್ಕಂತೆ ಸರ್ಟಿಫಿಕೇಟೋ ಡಿಪ್ಲೊಮಾವೋ ಸಿಗುತ್ತೆ. ಮನೆ, ಮಕ್ಕಳು ಇರೋರಿಗೆ ಇದು ದೊಡ್ಡ ಸಮಾಧಾನ. ಸುಲಭ ಅಂದುಕೊಂಡು ಸೇರಬೇಡಿ, ಆ ಗಣಿತಕ್ಕೆ ಅವಳು ರಜೆ ಹಾಕಿ ಕೂರ್ತಾಳೆ.

ನನಗೆ ಏನು ಸಿಕ್ತು? 2024ರಲ್ಲಿ ಡಿಗ್ರಿ ಬಂತು, ಎಚ್‌ಆರ್ ಫಾರ್ಮ್ ತುಂಬಿತು, ಬಡ್ತಿಯೂ ಆಯ್ತು. ಆನ್‌ಸೈಟ್ ಮಾತ್ರ ಇಲ್ಲ. ಮೂರು ವರ್ಷದ ಡಿಗ್ರಿಯನ್ನ ಅಮೆರಿಕದಲ್ಲಿ ಅಲ್ಲಿನ ನಾಲ್ಕು ವರ್ಷದ ಡಿಗ್ರಿಗೆ ಸಮ ಅಂತ ಸುಲಭಕ್ಕೆ ಒಪ್ಪಲ್ಲ. ಕಾಲೇಜಿಗೆ ಹೋಗಿ ಬಿಸಿಎ ಮಾಡಿದವರಿಗೂ ಇದೇ ಕಷ್ಟ. ಸೇರೋ ಮೊದಲೇ ಇದು ಗೊತ್ತಿದ್ದರೆ ನಾಲ್ಕು ವರ್ಷದ್ದನ್ನೇ ಹುಡುಕ್ತಿದ್ದೆ.

ಸಿಗದೇ ಹೋದದ್ದು ಇನ್ನೊಂದಿದೆ. ಹೋದ ವರ್ಷ ನಮ್ಮ ಪ್ರಾಜೆಕ್ಟ್ ನಿಂತಾಗ, ಪಕ್ಕದ ಸೀಟಿನವನಿಗೆ ಹುಬ್ಬಳ್ಳಿ ಕಾಲೇಜಿನ ಹಳೇ ರೂಮ್‌ಮೇಟ್ ನಾಲ್ಕೇ ದಿನದಲ್ಲಿ ರೆಫರಲ್ ಹಾಕಿಸಿದ. ನನ್ನ ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ 300 ಜನ. ಒಬ್ಬರ ಮುಖವನ್ನೂ ನೋಡಿಲ್ಲ. ‘ಯಾರಾದ್ರೂ ಹೆಲ್ಪ್ ಮಾಡಿ’ ಅಂತ ಟೈಪ್ ಮಾಡಿ, ಅಳಿಸಿದೆ. ಒಂದೂವರೆ ತಿಂಗಳು ಬೆಂಚಲ್ಲಿ ಕೂತೆ. ಆಮೇಲೆ ಕೆಲಸ ಸಿಕ್ಕಿದ್ದು ನೈಟ್ ಶಿಫ್ಟ್ ಕಾಲದ ಒಬ್ಬ ಗೆಳೆಯನಿಂದ.

ಈಗ ಎಂಸಿಎ ಕೂಡ ಆನ್‌ಲೈನಲ್ಲೇ ಮಾಡಲಾ ಅಂತ ಮೊನ್ನೆ ಹೆಂಡತಿಯನ್ನ ಕೇಳಿದೆ. ‘ಎಷ್ಟು ಭಾನುವಾರ?’ ಅಂದಳು. ಲೆಕ್ಕ ಹಾಕಿದರೆ ನೂರು ದಾಟುತ್ತೆ. ಅವಳಿಗೆ ಇನ್ನೂ ಹೇಳಿಲ್ಲ.